ಬಿಕಾಸ್‌ಗೆ ಮುಂಚೆ ಫುಲ್‌ಸ್ಟಾಪ್ ಯಾಕೆ?

ಪ್ರಶ್ನೆ: ಸರ್, ನಾನು ಹಾಸನದಲ್ಲಿ ಒಂದು ಖಾಸಗಿ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಓದಿದ್ದು ಕನ್ನಡ ಮೀಡಿಯಂ. ಮ್ಯಾನೇಜರ್‌ಗೆ ಹೀಗೊಂದು ಮೇಲ್ ಬರೆದೆ: ‘ಐ ಡಿಡ್ ನಾಟ್ ಕಮ್ ಯೆಸ್ಟರ್‌ಡೇ. ಬಿಕಾಸ್ ಮೈ ಮದರ್ ವಾಸ್ ಇಲ್. ದೋ ಐ ವಾಸ್ ಆನ್ ಲೀವ್, ಬಟ್ ಐ ಫಿನಿಶ್ಡ್ ದ ಬಿಲ್ಸ್. ದ ಫೈಲ್ ವಿಚ್ ಯು ಆಸ್ಕ್ಡ್ ಫಾರ್. ಇಟ್ ಈಸ್ ಆನ್ ಯುವರ್ ಟೇಬಲ್.’ ಅವರು ‘ಅರ್ಧಂಬರ್ಧ ವಾಕ್ಯ, ಸರಿಯಾಗಿ ಸೇರಿಸಿ ಬರೆಯಿರಿ’ ಅಂತ ವಾಪಸ್ ಕಳಿಸಿದರು. ಹೇಗೆ ಸೇರಿಸುವುದು?

ಉತ್ತರ: ಈ ಬಿಕಾಸ್ ತಪ್ಪನ್ನು ಕಾಲೇಜು ಮುಗಿಯುವ ತನಕ ನಾನೂ ಮಾಡಿದ್ದೇನೆ. ಬಿಕಾಸ್ ಅಂದರೆ ‘ಯಾಕೆಂದರೆ’ ಅಂತ ಹೇಳಿಕೊಟ್ಟಿದ್ದಾರಲ್ಲ, ಎಡವಟ್ಟು ಶುರುವಾಗುವುದೇ ಅಲ್ಲಿ. ‘ನಿನ್ನೆ ಬರಲಿಲ್ಲ. ಯಾಕೆಂದರೆ ಅಮ್ಮನಿಗೆ ಹುಷಾರಿರಲಿಲ್ಲ’ ಅಂತ ಕನ್ನಡದಲ್ಲಿ ನಡುವೆ ಫುಲ್‌ಸ್ಟಾಪ್ ಹಾಕಿದರೂ ಯಾರೂ ಏನೂ ಅನ್ನುವುದಿಲ್ಲ. ಆದರೆ ಇಂಗ್ಲಿಷಿನ ಬಿಕಾಸ್ ನಮ್ಮ ‘ಇಲ್ಲದ್ದರಿಂದ’ ಇದ್ದ ಹಾಗೆ. ‘ಅಮ್ಮನಿಗೆ ಹುಷಾರಿಲ್ಲದ್ದರಿಂದ’ ಅಂದು ಸುಮ್ಮನಾಗಿಬಿಡಿ, ಎದುರಿಗಿದ್ದವರು ‘ಹೂಂ, ಅದಕ್ಕೆ?’ ಅಂತ ಕೇಳುತ್ತಾರೆ ಅಲ್ವಾ? ಹಾಗಾಗಿ ಫುಲ್‌ಸ್ಟಾಪ್ ತೆಗೆದು ಒಂದೇ ಉಸಿರಿಗೆ ಬರೆಯಿರಿ: ‘ಐ ಡಿಡ್ ನಾಟ್ ಕಮ್ ಯೆಸ್ಟರ್‌ಡೇ ಬಿಕಾಸ್ ಮೈ ಮದರ್ ವಾಸ್ ಇಲ್.’ ಬಿಕಾಸ್ ಭಾಗವನ್ನೇ ಮೊದಲು ಬರೆದರೆ ಅದು ಮುಗಿದ ಕಡೆ ಒಂದು ಕಾಮಾ.

ಎರಡನೆಯದು ಅರ್ಧ ವಾಕ್ಯವೇ ಅಲ್ಲ, ಅಲ್ಲಿ ಕೊಂಡಿ ಒಂದು ಜಾಸ್ತಿ ಆಗಿದೆ. ‘ರಜೆಯಲ್ಲಿದ್ದರೂ ಆದರೆ ಬಿಲ್ ಮುಗಿಸಿದೆ’ ಅಂತ ಯಾರಾದರೂ ಹೇಳುತ್ತಾರಾ? ದೋ ಇಟ್ಟುಕೊಂಡರೆ ಬಟ್ ಬಿಡಿ, ಬಟ್ ಬೇಕಿದ್ದರೆ ದೋ ಬಿಡಿ.

ಮೂರನೆಯದು ‘ನೀವು ಕೇಳಿದ ಫೈಲು.’ ಸರಿ, ಫೈಲು ಏನಾಯಿತು? ‘ಆಸ್ಕ್ಡ್’ ಅನ್ನುವ ಕ್ರಿಯಾಪದ ಇದೆಯಲ್ಲ ಅನ್ನಬೇಡಿ. ಅದು ಯಾವ ಫೈಲು ಅಂತ ತೋರಿಸಿ ಮುಗಿಯಿತು, ಫೈಲಿಗೆ ಅಂತಲೇ ಬೇರೆ ಕ್ರಿಯಾಪದ ಬೇಕು. ನಿಮ್ಮ ಮುಂದಿನ ವಾಕ್ಯದಲ್ಲೇ ಅದು ಇದೆ, ಎಳೆದುಕೊಳ್ಳಿ: ‘ದ ಫೈಲ್ ಯು ಆಸ್ಕ್ಡ್ ಫಾರ್ ಈಸ್ ಆನ್ ಯುವರ್ ಟೇಬಲ್.’ ಇಟ್ ಹೋಯಿತು, ವಿಚ್ ಇಲ್ಲದಿದ್ದರೂ ನಡೆಯುತ್ತದೆ.

ಸೇರಿಸಬೇಕು ಅಂತ ಸುಮ್ನೆ ಕಾಮಾ ಹಾಕುತ್ತಾ ಹೋಗಬೇಡಿ ಮತ್ತೆ. ‘ಮೈ ಮದರ್ ವಾಸ್ ಇಲ್, ಐ ಡಿಡ್ ನಾಟ್ ಕಮ್’ ಕೂಡ ತಪ್ಪೇ, ಎರಡು ಪೂರ್ತಿ ವಾಕ್ಯಗಳನ್ನು ಹಿಡಿದುಕೊಳ್ಳುವ ಶಕ್ತಿ ಕಾಮಾಕ್ಕೆ ಇಲ್ಲ, ಪಕ್ಕದಲ್ಲಿ ಒಂದು ‘ಸೋ’ ಬೇಕು. ಇನ್ನು ‘ಬಸ್ ಸ್ಟಾಪಿಗೆ ಹೋಗುವಾಗ ಮಳೆ ಬಂತು’ ಅನ್ನುವುದನ್ನು ‘ಗೋಯಿಂಗ್ ಟು ದ ಬಸ್ ಸ್ಟಾಪ್, ದ ರೇನ್ ಸ್ಟಾರ್ಟೆಡ್’ ಅಂತ ಬರೆದರೆ ಮಳೆಯೇ ಬಸ್ ಹಿಡಿಯಲು ಹೊರಟ ಹಾಗಾಗುತ್ತದೆ. ‘ವೆನ್ ಐ ವಾಸ್ ಗೋಯಿಂಗ್’ ಅನ್ನಿ, ಹೋಗುತ್ತಿದ್ದವರು ನೀವು ಅಂತ ಗೊತ್ತಾಗಲಿ.

ಇದೆಲ್ಲ ಮೇಲ್‌ಗೆ, ಅರ್ಜಿಗೆ. ಮ್ಯಾನೇಜರ್ ವಾಟ್ಸಾಪ್‌ನಲ್ಲಿ ‘ವೈ ಲೇಟ್?’ ಅಂತ ಕೇಳಿದರೆ ‘ಬಿಕಾಸ್ ದ ಬಸ್ ವಾಸ್ ಲೇಟ್’ ಅಂತ ಧೈರ್ಯವಾಗಿ ಕಳಿಸಿ. ಅವರು ಕೇಳಿದ್ದೂ ಅರ್ಧವೇ.