ಸೋಯಾ ಹಾಲು ಹೆಪ್ಪುಗಟ್ಟಲಿಲ್ಲವಾ? ಪುಡಿಯನ್ನು ಬೈಯಬೇಡಿ

ಚೀನಾದ ಡೋಹ್ವಾ, ಅಂದರೆ ಸೋಯಾ ಹಾಲನ್ನು ಗಿಣ್ಣಿನ ಹಾಗೆ ಮೆತ್ತಗೆ ಹೆಪ್ಪುಗಟ್ಟಿಸಿದ ತಿನಿಸು, ಮನೆಯಲ್ಲಿ ಮಾಡಲು ಹೋದವರು ಕಳಿಸುವ ಪ್ರಶ್ನೆಗಳು ತಿರುಗಾ ಮುರುಗಾ ಅವೇ. ಕಾಳು ನೆನೆಸುವುದು, ರುಬ್ಬುವುದು, ಬಟ್ಟೆಯಲ್ಲಿ ಹಿಂಡುವುದನ್ನು ನಾನು ಹೇಳಿಕೊಡುವುದಿಲ್ಲ. ಇಡ್ಲಿ ಮಾಡುವ ಮನೆಯಲ್ಲಿ ಅದೇನು ದೊಡ್ಡ ವಿಷಯವಲ್ಲ.

ಹೆಪ್ಪುಗಟ್ಟಿಸುವ ಜಿಡಿಎಲ್ (ಗ್ಲುಕೋನೊ ಡೆಲ್ಟಾ ಲ್ಯಾಕ್ಟೋನ್) ಪುಡಿ ತರಿಸಿ ಸೋಯಾ ಹಾಲಿಗೆ ಹಾಕಿದೆ. ಒಮ್ಮೆ ಗಟ್ಟಿಯೇ ಆಗಲಿಲ್ಲ, ಇನ್ನೊಮ್ಮೆ ಒಡೆದ ಹಾಲಿನಂತೆ ತರಿತರಿಯಾಯಿತು. ಪುಡಿ ಸರಿ ಇಲ್ಲವೇ?

ಪುಡಿ ಸರಿಯಾಗೇ ಇರುತ್ತದೆ. ಮೊದಲು ಹಾಲು ಯಾವುದು ಹೇಳಿ. ಸಕ್ಕರೆ, ವೆನಿಲಾ, ಗಟ್ಟಿಕಾರಕ ಸೇರಿಸಿದ ಪ್ಯಾಕೆಟ್ ಹಾಲಾದರೆ ಅದನ್ನು ಕಾಫಿಗೆ ಹಾಕಿಕೊಳ್ಳಿ. ಇದಕ್ಕೆ ಕಾಳು ಮತ್ತು ನೀರು ಬಿಟ್ಟು ಬೇರೇನೂ ಇಲ್ಲದ, ದಪ್ಪ ಹಾಲು ಬೇಕು. 100 ಗ್ರಾಂ ಒಣ ಕಾಳಿಗೆ ರುಬ್ಬುವ ನೀರೂ ಸೇರಿ ಸುಮಾರು 800 ಮಿಲಿ. "ಸ್ವಲ್ಪ ಜಾಸ್ತಿ ಬರಲಿ" ಎಂದು ಇನ್ನೆರಡು ಲೋಟ ನೀರು ಸುರಿದರೆ ಆ ದೇವರು ಬಂದರೂ ಹೆಪ್ಪುಗಟ್ಟುವುದಿಲ್ಲ.

ಎರಡನೆಯದು ಕುದಿ. ಸೋಯಾ ಹಾಲು ಮೋಸ ಮಾಡುತ್ತದೆ. ಇನ್ನೂ 80 ಡಿಗ್ರಿ ಆಸುಪಾಸಿನಲ್ಲಿರುವಾಗಲೇ ನೊರೆ ಉಕ್ಕಿ ಪಾತ್ರೆಯ ಅಂಚಿಗೆ ಬರುತ್ತದೆ. ನೀವು ಕುದಿಯಿತು ಅಂತ ಒಲೆ ಆರಿಸುತ್ತೀರಿ. ಅದು ಕುದಿಯಲ್ಲ, ಸೋಯಾದಲ್ಲಿರುವ ಸಪೋನಿನ್ ಎಂಬ ನೊರೆಯ ಅಂಶದ ಆಟ. ನೊರೆ ತೆಗೆದು, ಉರಿ ಸಣ್ಣ ಮಾಡಿ, ತಳ ಹಿಡಿಯದಂತೆ ಕೈಯಾಡಿಸುತ್ತಾ, ನಿಜವಾಗಿ ಕೊತಕೊತ ಅಂದ ಮೇಲೆ ಹತ್ತು ನಿಮಿಷ ಬಿಡಿ. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗಲು ಬಿಡದ ಅಂಶಗಳಿವೆ. ಅರೆಬೆಂದ ಹಾಲು ಕುಡಿದರೆ ಹೊಟ್ಟೆ ತೊಳಸಿ ವಾಂತಿಯಾಗಬಹುದು. ಜೊತೆಗೆ, ಚೆನ್ನಾಗಿ ಬೆಂದರೆ ಮಾತ್ರ ಪ್ರೋಟೀನ್ ಬಿಚ್ಚಿಕೊಂಡು ಒಂದಕ್ಕೊಂದು ಹೆಣೆದುಕೊಳ್ಳಲು ತಯಾರಾಗುತ್ತದೆ.

ಇನ್ನು ಪುಡಿ. 700 ಮಿಲಿ ಹಾಲಿಗೆ 2 ಗ್ರಾಂ ಸಾಕು. ಚಮಚದ ಲೆಕ್ಕ ನನಗೆ ಬರೆಯಲೇಬೇಡಿ, ಸಣ್ಣ ತಕ್ಕಡಿ ಕೊಳ್ಳಿ. ಹೆಚ್ಚಾದರೆ ಹುಳಿ ಬರುತ್ತದೆ. ಪುಡಿಯನ್ನು ಎರಡು ಚಮಚ ತಣ್ಣೀರಲ್ಲಿ ಕರಗಿಸಿ ಖಾಲಿ ಪಾತ್ರೆಯ ತಳಕ್ಕೆ ಹಾಕಿ. ಮೊದಲೇ ಕರಗಿಸಿ ಇಟ್ಟು ಫೋನ್ ಹಿಡಿದು ಕೂರಬೇಡಿ, ಅದು ನೀರಲ್ಲಿ ನಿಧಾನವಾಗಿ ಆಮ್ಲವಾಗುತ್ತಾ ಹೋಗುತ್ತದೆ. ಒಲೆಯಿಂದ ಇಳಿಸಿದ ಹಾಲು 85 ಡಿಗ್ರಿಗೆ ಇಳಿದಾಗ, ತುಸು ಎತ್ತರದಿಂದ ಒಂದೇ ಸಲಕ್ಕೆ ಸುರಿಯಿರಿ. ಆ ರಭಸದಲ್ಲೇ ಬೆರೆಯುತ್ತದೆ. ಮೇಲಿನ ಗುಳ್ಳೆ ತೆಗೆದು ಮುಚ್ಚಿ, ಕಾಲು ಗಂಟೆ ಆ ಕಡೆ ತಿರುಗಿಯೂ ನೋಡಬೇಡಿ.

ಈ ಕಾಲು ಗಂಟೆಯಲ್ಲೇ ಎಲ್ಲರೂ ಕೆಡಿಸುವುದು. ಗಟ್ಟಿಯಾಯ್ತಾ ಅಂತ ಪಾತ್ರೆ ಅಲ್ಲಾಡಿಸುತ್ತಾರೆ, ಸೌಟು ಹಾಕಿ "ಒಂದೇ ಒಂದು ಸಲ" ತಿರುವುತ್ತಾರೆ. ಕಟ್ಟಿಕೊಳ್ಳುತ್ತಿರುವ ಬಲೆ ಹರಿಯಿತು, ನೀರು ಬೇರೆಯಾಯಿತು. ನಿಮ್ಮ ತರಿ ಅಲ್ಲಿಂದಲೇ ಬಂದದ್ದು. ಸರಿಯಾಗಿ ಆಗಿದ್ದರೆ ಚಪ್ಪಟೆ ಸೌಟಿನಲ್ಲಿ ತೆಳ್ಳಗೆ, ಪದರ ಪದರವಾಗಿ ಎತ್ತಲು ಬರುತ್ತದೆ. ಹಾಂಕಾಂಗ್‌ನ ಹಳೆಯ ಅಂಗಡಿಗಳಲ್ಲಿ ಮರದ ಬಾನಿಯಿಂದ ಹಾಗೇ ಬಡಿಸುವುದು.

ಜಿಪ್ಸಂ ಕೂಡ ಆಗುತ್ತದಂತೆ. ಹಾರ್ಡ್‌ವೇರ್ ಅಂಗಡಿಯ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಬಹುದೇ?

ಬೇಡ! ಜಿಪ್ಸಂ ಚೀನಾದಲ್ಲಿ ಹಳೆಯ ಪದ್ಧತಿ, ನಿಜ. ಆದರೆ ಅದು ಆಹಾರ ದರ್ಜೆಯ ಕ್ಯಾಲ್ಸಿಯಂ ಸಲ್ಫೇಟ್, ಪೊಟ್ಟಣದ ಮೇಲೆ ಐಎನ್ಎಸ್ 516 ಅಂತ ಇರುತ್ತದೆ. ಗೋಡೆಗೆ ಬಳಿಯುವ ಪುಡಿಯಲ್ಲಿ ಇನ್ನೇನೇನು ಬೆರೆತಿದೆಯೋ ಯಾರು ಬಲ್ಲರು? "ಎರಡೂ ಒಂದೇ" ಎಂದು ವಿಡಿಯೋ ಮಾಡುವ ಪಂಡಿತರು ಮೊದಲು ತಾವೇ ತಿಂದು ತೋರಿಸಲಿ.

ಚೈನಾ ಗ್ರಾಸ್ ಹಾಕಿದರೆ?

ಜೆಲ್ಲಿ ಆಗುತ್ತದೆ. ರುಚಿಯಾಗಿರಬಹುದು, ಡೋಹ್ವಾ ಅಲ್ಲ.

ನಿಂಬೆರಸ?

ಪನೀರಿನ ದಾರಿ ಅದು.

ಗಂಡಸರು ಸೋಯಾ ತಿಂದರೆ ಹಾರ್ಮೋನ್ ಏರುಪೇರಾಗುತ್ತದಂತೆ?

ಊಟದಲ್ಲಿ ತಿನ್ನುವಷ್ಟು ಸೋಯಾದಿಂದ ಗಂಡಸರ ಟೆಸ್ಟೊಸ್ಟೆರಾನ್ ಕಡಿಮೆಯಾಗುವುದಿಲ್ಲ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಕಡಿಮೆಯಾಗುತ್ತದೆ ಎಂದು ನಂಬಿಸಿ ಪುಡಿ, ಲೇಹ್ಯ ಮಾರುವವರಿಗೆ ದುಡ್ಡು ಕೊಡಬೇಡಿ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಎಚ್ಚರ. ಸೋಯಾ ಆ ಮಾತ್ರೆ ಮೈಗೆ ಹಿಡಿಯದಂತೆ ಮಾಡಬಹುದು. ಎರಡರ ನಡುವೆ ಎಷ್ಟು ಗಂಟೆ ಬಿಡಬೇಕು ಎಂದು ನಿಮ್ಮ ವೈದ್ಯರನ್ನೇ ಕೇಳಿ, ನನ್ನನ್ನಲ್ಲ.

ಸಿಹಿಯಾ, ಖಾರವಾ?

ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್‌ನಲ್ಲಿ ಸಕ್ಕರೆ ಪಾಕ, ಶುಂಠಿ. ಬೀಜಿಂಗ್ ಕಡೆ ಅಣಬೆ ಹಾಕಿದ ಉಪ್ಪಿನ ಗೊಜ್ಜು. ಸಿಚುವಾನ್‌ನಲ್ಲಿ ಮೆಣಸಿನೆಣ್ಣೆ. ಯಾವುದು ಸರಿ ಎಂದು ಚೀನೀಯರೇ ಕಚ್ಚಾಡುತ್ತಾರೆ. ನಮ್ಮಲ್ಲಾದರೆ ಬೆಲ್ಲದ ಪಾಕಕ್ಕೆ ಶುಂಠಿ ಜಜ್ಜಿ ಹಾಕಿ, ದಕ್ಷಿಣ ಚೀನಾದವರ ರುಚಿಗೆ ಹತ್ತಿರವಾಗುತ್ತದೆ.

ಉಳಿದದ್ದು ಫ್ರೀಜರ್‌ನಲ್ಲಿಡಬಹುದೇ?

ತೂತು ತೂತಾಗಿ ರಬ್ಬರಿನಂತಾಗುತ್ತದೆ. ಫ್ರಿಜ್‌ನಲ್ಲಿಟ್ಟು ಮರುದಿನವೇ ಮುಗಿಸಿ.