ಓದುಗರ ಪ್ರಶ್ನೆ: ಥೆರಪಿಗೆ ಹೋದ ಮಗು ಅಳುತ್ತಲೇ ಇದ್ದರೆ

ಪ್ರಶ್ನೆ: ಮಗನಿಗೆ ಐದು ವರ್ಷ. ಮೂಲ್ಕಿಯಿಂದ ಬಸ್ಸಿನಲ್ಲಿ ವಾರಕ್ಕೆರಡು ಸಲ ಮಂಗಳೂರಿಗೆ ಆಕ್ಯುಪೇಷನಲ್ ಥೆರಪಿಗೆ (ದಿನನಿತ್ಯದ ಕೆಲಸ ತಾನೇ ಮಾಡಲು ಕಲಿಸುವ ತರಬೇತಿ) ಕರೆದುಕೊಂಡು ಹೋಗುತ್ತೇನೆ. ಒಳಗೆ ಕಾಲಿಟ್ಟರೆ ಅಳು, ಹೊರಳಾಟ. 45 ನಿಮಿಷದ ಸೆಷನ್‌ನಲ್ಲಿ 20 ನಿಮಿಷ ಸಮಾಧಾನ ಮಾಡುವುದರಲ್ಲೇ ಹೋಗುತ್ತದೆ. ಅಂಗಿಯ ಗುಂಡಿ ಹಾಕುವುದು, ಪೆನ್ಸಿಲ್ ಹಿಡಿಯುವುದು ಕಲಿಸುವುದು ಯಾವಾಗ?

ಉತ್ತರ: ಆ 20 ನಿಮಿಷವೂ ಥೆರಪಿಯೇ. ದೊಡ್ಡವರ ನಿಧಾನದ ದನಿ ಹಿಡಿದು ಶಾಂತವಾಗುವುದು ಮತ್ತೆ ಮತ್ತೆ ಅನುಭವಕ್ಕೆ ಬಂದ ಮೇಲೆಯೇ ಮಗು ತಾನಾಗಿ ಶಾಂತವಾಗಲು ಕಲಿಯುವುದು. ಆದರೂ ಅರ್ಧ ಕೆಲಸ ಬಾಗಿಲಿನ ಹೊರಗೇ ಆಗಬೇಕು. ಬಸ್ಸಿನ ಹಾರ್ನ್, ಕಂಡಕ್ಟರನ ಸೀಟಿ, ಬೆವರಿಗೆ ಮೈಗಂಟಿದ ಅಂಗಿ, ಇಷ್ಟನ್ನೂ ಸಹಿಸಿ ಬಂದವನನ್ನು ನೇರ ಕೋಣೆಗೆ ನುಗ್ಗಿಸಬೇಡಿ.

15 ನಿಮಿಷ ಮೊದಲೇ ತಲುಪಿ. ಅಂಗಿ ಬದಲಿಸಿ. ಸ್ಟ್ರಾ ಹಾಕಿ ಬೊಂಡ (ಎಳನೀರು) ಕುಡಿಸಿ, ಇಲ್ಲವೇ ಗಟ್ಟಿ ಚಕ್ಕುಲಿ ಕೊಡಿ. ಹೀರುವುದು, ಅಗಿಯುವುದು ಎಷ್ಟೋ ಮಕ್ಕಳನ್ನು ತಣಿಸುತ್ತದೆ. ಎರಡೂ ಅಂಗೈ ಊರಿ ಹತ್ತು ಎಣಿಸುವವರೆಗೆ ಗೋಡೆ ತಳ್ಳಲಿ, ಮೂರು ಸಲ. ಅರ್ಧ ಲೀಟರ್ ನೀರಿನ ಬಾಟಲಿಯಿರುವ ಚೀಲವನ್ನು ಅವನೇ ಹೊರಲಿ. ಸ್ನಾಯುಗಳಿಗೆ ಹೀಗೆ ಭಾರ ಸಿಕ್ಕಿದರೆ ಚಡಪಡಿಕೆ ಇಳಿಯುವುದುಂಟು. ಬೇಡವೆಂದರೆ ಬಿಟ್ಟುಬಿಡಿ. ಆಮೇಲೆ ಒಳಗೆ ಏನೇನು ಮಾಡುವುದಿದೆ ಎಂದು ಎರಡು ಚಿತ್ರ ತೋರಿಸಿ: ಮೊದಲು ಉಯ್ಯಾಲೆ, ಆಮೇಲೆ ಗುಂಡಿ.

ಕೆಡುವುದು ಹೆಚ್ಚಾಗಿ ಮೊಬೈಲಿನಿಂದ. ಕೊಟ್ಟಾಗ ಸುಮ್ಮನಾಗುತ್ತಾನೆ, ಕಿತ್ತುಕೊಂಡಾಗ ಎರಡನೇ ರಂಪ, ಅದೂ ಥೆರಪಿಸ್ಟ್ ಎದುರು. ಉಯ್ಯಾಲೆಯನ್ನು ಹಿಂದೆ ಮುಂದೆ ನಿಧಾನ ತೂಗಬೇಕು. ಗಿರಗಿರ ತಿರುಗಿಸಿದರೆ ಕೆಲವರಿಗೆ ಉದ್ರೇಕ ಏರುತ್ತದೆ (ಪ್ರೀತಿಯ ಮಾವಂದಿರು ಮಾಡುವುದು ಇದನ್ನೇ). ಅಳುವಾಗ ‘ಯಾಕೆ? ಏನಾಯ್ತು?’ ಎಂದು ಪೀಡಿಸಬೇಡಿ, ಆಗ ಮಾತು ತಲೆಗೆ ಇಳಿಯುವುದಿಲ್ಲ. ಒಂದು ಕೈಯಳತೆ ದೂರದಲ್ಲಿ ಪಕ್ಕಕ್ಕೆ ಕೂತು ‘ನಾನಿದ್ದೇನೆ’ ಅಂದರೆ ಸಾಕು. ಸೋಪಿನ ಗುಳ್ಳೆ ಊದಿ ಉಸಿರು ಉದ್ದ ಬಿಡುವುದನ್ನು ಅಳು ಇಲ್ಲದ ಹೊತ್ತಿನಲ್ಲಿ ರೂಢಿ ಮಾಡಿಸಿ. ರಂಪದ ನಡುವೆ ಕಲಿಸಲು ಹೋದರೆ ಗುಳ್ಳೆ ಕಂಡರೇ ಸಿಟ್ಟಾಗುತ್ತಾನೆ.

ಎರಡು ವಾರ ಬರೆದಿಡಿ: ಅಳುವ ಮೊದಲು ಏನಿತ್ತು, ಎಷ್ಟು ಹೊತ್ತು ಅತ್ತ, ಯಾವುದರಿಂದ ಅಳು ನಿಂತಿತು, ನಿದ್ದೆ, ಹಸಿವು, ಮಲಬದ್ಧತೆಯೂ ಸೇರಿ. ಅಳು ಇದ್ದಕ್ಕಿದ್ದಂತೆ ಹೆಚ್ಚಿದ್ದರೆ, ಆಡುತ್ತಿದ್ದ ಮಾತು ನಿಂತಿದ್ದರೆ ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ. ಕಿವಿನೋವು, ಹಲ್ಲುನೋವು ಹೇಳಲು ಬಾರದ ಮಕ್ಕಳೂ ಹೀಗೇ ಅಳುತ್ತಾರೆ.

ಪ್ರಶ್ನೆ: ಉಡುಪಿಯ ವಿಟ್ಲಪಿಂಡಿಗೆ (ಕೃಷ್ಣಾಷ್ಟಮಿಯ ಉತ್ಸವ) ಮಗಳನ್ನು ಕರೆದೊಯ್ಯಬಹುದೇ? ತಾಸೆ ವಾದ್ಯದ ಬಡಿತ ಕೇಳಿದರೆ ಕಿವಿ ಮುಚ್ಚಿ ಚೀರುತ್ತಾಳೆ.

ಉತ್ತರ: ರಥಬೀದಿಯ ನೂಕುನುಗ್ಗಲಿಗೆ ಬೇಡ. ಹುಲಿವೇಷದ ವಿಡಿಯೋವನ್ನು ಸಣ್ಣ ದನಿಯಲ್ಲಿ ತೋರಿಸಿ, ಶಬ್ದ ತಡೆಯುವ ಇಯರ್‌ಮಫ್ ವಾರ ಮೊದಲೇ ಮನೆಯಲ್ಲಿ ಹಾಕಿಸಿ ರೂಢಿಯಾಗಲಿ. ಆ ದಿನ ದೂರದ ಯಾವುದಾದರೂ ಮಹಡಿಯಿಂದ ಐದು ನಿಮಿಷ, ಅವಳು ಇನ್ನೂ ನಗುತ್ತಿರುವಾಗಲೇ ವಾಪಸ್ ಹೊರಡಿ.