ಓದುಗರ ಪ್ರಶ್ನೆ, ನಮ್ಮ ಉತ್ತರ: ಹೊರಾಂಗಣಕ್ಕೆ ಎಷ್ಟು ದೊಡ್ಡ ಮೇಜು?

ಪ್ರಶ್ನೆ: ನಮ್ಮ ಮನೆಯ ಹಿಂದೆ 12 ಅಡಿ ಉದ್ದ, 10 ಅಡಿ ಅಗಲದ ಕಲ್ಲುಹಾಸಿನ ಪ್ಯಾಟಿಯೊ ಇದೆ. ಉದ್ದದ ಒಂದು ಬದಿಗೆ ಮನೆಯ ಗೋಡೆಯಿದ್ದು, ಅದರ ಎಡತುದಿಯಲ್ಲಿ ಹೊರಕ್ಕೆ ತೆರೆಯುವ 3 ಅಡಿಯ ಬಾಗಿಲಿದೆ. ಉಳಿದ ಮೂರು ಬದಿಗೆ ಮೊಣಕಾಲೆತ್ತರದ ಕಟ್ಟೆ ಇದೆ; ಬಾಗಿಲಿನ ನೇರಕ್ಕೆ, ಎದುರಿನ ಕಟ್ಟೆಯಲ್ಲಿ ಮಾತ್ರ ತೋಟಕ್ಕೆ ಇಳಿಯಲು ಜಾಗ ಬಿಟ್ಟಿದ್ದೇವೆ. ಮನೆಯಲ್ಲಿ ನಾಲ್ವರಿದ್ದೇವೆ, ಆಗೊಮ್ಮೆ ಈಗೊಮ್ಮೆ ಎಂಟು ಜನ ಸೇರುತ್ತೇವೆ. ಅಂಗಡಿಯವರು 6 ಅಡಿ ಉದ್ದ, ಮೂರೂವರೆ ಅಡಿ ಅಗಲದ ಮೇಜು ಹಾಗೂ ಕೈಗಳಿರುವ ಎಂಟು ಕುರ್ಚಿಗಳ ಸೆಟ್ಟನ್ನು ಸೂಚಿಸಿದ್ದಾರೆ. ಇದು ನಮ್ಮ ಜಾಗದಲ್ಲಿ ಹಿಡಿಸುತ್ತದೆಯೇ?

ಉತ್ತರ: ಮೇಜು ಹಿಡಿಸುತ್ತದೆ, ಅದರ ಸುತ್ತ ಕೂರುವವರು ಮತ್ತು ಓಡಾಡುವವರು ಹಿಡಿಸುವುದಿಲ್ಲ.

ಹೊರಾಂಗಣದ ಮೇಜನ್ನು ಆರಿಸುವಾಗ ಹೆಚ್ಚಿನವರು ಮೇಜಿನ ಅಳತೆಯಿಂದ ಲೆಕ್ಕ ಆರಂಭಿಸುತ್ತಾರೆ. ಸುತ್ತ ಬಿಡಬೇಕಾದ ಖಾಲಿ ಜಾಗವನ್ನು ಮೊದಲು ಕಳೆದು, ಉಳಿದದ್ದರಲ್ಲಿ ಮೇಜನ್ನು ಹುಡುಕುವುದು ಸರಿಯಾದ ಕ್ರಮ. ಕುಳಿತವರು ಕುರ್ಚಿಯನ್ನು ಹಿಂದಕ್ಕೆ ಸರಿಸಿ ಎದ್ದುಬರಲು ಮೇಜಿನ ಅಂಚಿನಿಂದ ಗೋಡೆ ಅಥವಾ ಕಟ್ಟೆಯವರೆಗೆ 3 ಅಡಿ ಬೇಕು. ಕುಳಿತವರ ಬೆನ್ನ ಹಿಂದೆ ಇನ್ನೊಬ್ಬರು ತಟ್ಟೆ ಹಿಡಿದು ಸಾಗಬೇಕಾದರೆ ಅದು ಸುಮಾರು 4 ಅಡಿಗೆ ಏರುತ್ತದೆ, ಏಕೆಂದರೆ ಕುಳಿತ ವ್ಯಕ್ತಿಯೇ ಮೇಜಿನ ಅಂಚಿನಿಂದಾಚೆಗೆ ಒಂದೂವರೆಯಿಂದ ಎರಡು ಅಡಿ ಜಾಗ ಹಿಡಿದಿರುತ್ತಾರೆ. ಅಂಗಡಿಯವರ ಲೆಕ್ಕ ಕಾಗದದ ಮೇಲೆ ತಪ್ಪೇನಲ್ಲ. ಉದ್ದದ 12 ಅಡಿಯಲ್ಲಿ ಮೇಜಿನ 6 ಅಡಿ ಹೋದರೆ ಎರಡು ತುದಿಗೂ ಮೂರು ಮೂರು ಅಡಿ ಉಳಿಯುತ್ತದೆ. ಅಗಲದಲ್ಲಿಯೂ ಎರಡೂ ಬದಿಗೆ ಮೂರಡಿಗಿಂತ ತುಸು ಹೆಚ್ಚೇ ಸಿಗುತ್ತದೆ. ಆದರೆ ಬಾಗಿಲಿನಿಂದ ತೋಟಕ್ಕೆ ಹೋಗುವ ದಾರಿ ಎಡತುದಿಯ ಆ ಮೂರಡಿಯಲ್ಲಿಯೇ ಹಾದುಹೋಗುತ್ತದೆ ಎಂಬುದನ್ನು ಆ ಲೆಕ್ಕ ಮರೆತಿದೆ. ಮೇಜಿನ ಎಡತುದಿಯಲ್ಲಿ ಒಬ್ಬರು ಕುಳಿತರೆ ದಾರಿಗೆ ಉಳಿಯುವುದು ಒಂದಡಿ ಮಾತ್ರ; ತೋಟಕ್ಕೆ ಹೋಗುವ ಪ್ರತಿಯೊಬ್ಬರಿಗೂ ಅವರು ಎದ್ದು ದಾರಿ ಬಿಡಬೇಕಾಗುತ್ತದೆ.

ಕುರ್ಚಿಗಳ ವಿಷಯವೂ ಹೀಗೆಯೇ. ಒಬ್ಬರು ಮೊಣಕೈ ತಾಗಿಸದೆ ಊಟ ಮಾಡಲು ಮೇಜಿನ ಅಂಚಿನಲ್ಲಿ ಕನಿಷ್ಠ 2 ಅಡಿ ಬೇಕು. ಆರಡಿಯ ಬದಿಯಲ್ಲಿ ಮೂವರಿಗೆ ಅಷ್ಟೇ ಸಿಗುತ್ತದೆ. ಆದರೆ ಹೊರಾಂಗಣಕ್ಕೆಂದು ಮಾಡಿದ ಕೈಯಿರುವ ಕುರ್ಚಿಗಳು ಸಾಮಾನ್ಯವಾಗಿ ತಾವೇ ಎರಡಡಿ ಅಥವಾ ಅದಕ್ಕಿಂತ ತುಸು ಹೆಚ್ಚು ಅಗಲವಾಗಿರುತ್ತವೆ, ಜೊತೆಗೆ ಮೇಜಿನ ಮೂಲೆಯ ಕಾಲುಗಳೂ ಒಂದಿಷ್ಟು ಜಾಗ ನುಂಗುತ್ತವೆ. ಮೂರು ಕುರ್ಚಿಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆಯೇ ಹೊರತು ಮೇಜಿನೊಳಕ್ಕೆ ಸರಿಯುವುದಿಲ್ಲ. ಕೈಯಿರುವ ಕುರ್ಚಿಯೇ ಬೇಕೆಂದರೆ ತಲೆಗೆ ಎರಡೂವರೆ ಅಡಿ ಹಿಡಿಯುವುದು ಕ್ಷೇಮ.

ನಿಮ್ಮ ಜಾಗಕ್ಕೆ ನಾನು ಸೂಚಿಸುವುದು 5 ಅಡಿ ಉದ್ದ, 3 ಅಡಿ ಅಗಲದ ಮೇಜನ್ನು, ಅದೂ ಅಡ್ಡ ತಿರುಗಿಸಿ, ಎಂದರೆ ಉದ್ದವು ಗೋಡೆಯಿಂದ ತೋಟದ ಕಡೆಗೆ ಸಾಗುವಂತೆ ಇಡುವುದನ್ನು. ಬಾಗಿಲಿನಿಂದ ತೋಟದವರೆಗೆ ಮೂರೂವರೆ ಅಡಿ ಅಗಲದ ಪಟ್ಟಿಯನ್ನು ದಾರಿಗೆಂದು ಪೂರ್ತಿಯಾಗಿ ಬಿಟ್ಟುಬಿಡಿ. ಬಾಗಿಲು ತೆರೆದುಕೊಳ್ಳುವ ಜಾಗವೂ ಅದರಲ್ಲಿಯೇ ಸೇರಿಹೋಗುತ್ತದೆ. ಉಳಿಯುವ ಎಂಟೂವರೆ ಅಡಿಯಲ್ಲಿ ದಾರಿಯ ಕಡೆ ಕೂರುವವರಿಗೆ ಎರಡಡಿ, ಮೇಜಿಗೆ ಮೂರಡಿ, ಬಲಗಡೆಯ ಕಟ್ಟೆಯ ಕಡೆಗೆ ಮೂರೂವರೆ ಅಡಿ ಸಿಗುತ್ತದೆ. ದಾರಿಯ ಕಡೆಯವರು ಏಳುವಾಗ ಕುರ್ಚಿ ಕ್ಷಣಕಾಲ ದಾರಿಗೆ ಬಂದರೂ ತೊಂದರೆಯಿಲ್ಲ. ಐದಡಿಯ ಬದಿಯಲ್ಲಿ ಇಬ್ಬರಿಬ್ಬರು ಕೂತರೆ ತಲೆಗೆ ಎರಡೂವರೆ ಅಡಿ ಸಿಗುವುದರಿಂದ ಕೈಯಿರುವ ಕುರ್ಚಿಗಳೂ ನಿರಾಳವಾಗಿ ಹೊಂದುತ್ತವೆ. ತುದಿಗಳಲ್ಲಿ ಎರಡೂವರೆ ಅಡಿ ಉಳಿಯುತ್ತದೆ. ಅಲ್ಲಿ ಇನ್ನಿಬ್ಬರು ಕೂರಬಹುದು, ಆದರೆ ತುಸು ಇಕ್ಕಟ್ಟಾಗಿ.

ಬಲಗಡೆಯ ಕಟ್ಟೆಯನ್ನೇ ಆಸನವಾಗಿ ಬಳಸುವ ದಾರಿಯೂ ಇದೆ. ಕಟ್ಟೆಯ ಎತ್ತರ 17–18 ಇಂಚು, ಮೇಲ್ಭಾಗದ ಅಗಲ ಒಂದೂಕಾಲು ಅಡಿಯಷ್ಟಿದ್ದರೆ, ಮೇಜಿನ ಅಂಚು ಕಟ್ಟೆಯ ಅಂಚಿನ ನೇರಕ್ಕೆ ಬರುವಂತೆ ಇಟ್ಟು ಆ ಕಡೆಯ ಕುರ್ಚಿಗಳನ್ನೂ ಅವುಗಳ ಹಿಂದಿನ ಜಾಗವನ್ನೂ ಪೂರ್ತಿಯಾಗಿ ಉಳಿಸಬಹುದು. ಮಕ್ಕಳು ಇದನ್ನು ಇಷ್ಟಪಡುತ್ತಾರೆ. ಒರಗಲು ಏನೂ ಇಲ್ಲದ ಕಾರಣ, ಏಳಬೇಕಾದರೆ ಪಕ್ಕಕ್ಕೆ ಜರುಗಿಕೊಂಡು ಬರಬೇಕಾದ ಕಾರಣ, ಹಿರಿಯರಿಗೆ ಇದು ಹಿಡಿಸುವುದು ಅಪರೂಪ.

ಮೇಜನ್ನು ಹೀಗೆ ಅಡ್ಡ ತಿರುಗಿಸುವುದರಿಂದ ಒಂದು ಅನನುಕೂಲವೂ ಇದೆ. ಮಳೆನೀರು ಹರಿದುಹೋಗಲೆಂದು ಹೊರಾಂಗಣದ ನೆಲಕ್ಕೆ ಮನೆಯಿಂದ ಆಚೆಗೆ ನೂರಕ್ಕೆ ಒಂದರಿಂದ ಎರಡರಷ್ಟು ಇಳಿಜಾರು ಕೊಡುವುದು ವಾಡಿಕೆ. ಮೇಜಿನ ಉದ್ದ ಈ ಇಳಿಜಾರಿನ ದಿಕ್ಕಿನಲ್ಲಿಯೇ ಬಿದ್ದಾಗ ಐದಡಿಯ ಒಂದು ತುದಿಗೂ ಇನ್ನೊಂದಕ್ಕೂ ಅರ್ಧ ಇಂಚಿನಿಂದ ಒಂದು ಇಂಚಿಗೆ ಮೇಲ್ಪಟ್ಟ ವ್ಯತ್ಯಾಸ ಬರಬಹುದು. ಲೋಟದಲ್ಲಿನ ನೀರಿನ ಮಟ್ಟ ನೋಡಿದರೆ ಅದು ಕಣ್ಣಿಗೆ ಕಾಣುತ್ತದೆ. ಆದ್ದರಿಂದ ಕಾಲುಗಳ ತಳದಲ್ಲಿ ತಿರುಪಿ ಎತ್ತರ ಹೊಂದಿಸುವ ವ್ಯವಸ್ಥೆ ಇರುವ ಮೇಜನ್ನೇ ಕೇಳಿ, ಮತ್ತು ಆ ತಿರುಪು ಎಷ್ಟು ದೂರ ಹೊರಬರುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಇನ್ನು ಎಂಟು ಜನರ ದಿನ. ವರ್ಷದ ಬಹುಪಾಲು ದಿನ ನಾಲ್ವರೇ ಕೂರುವ ಮನೆಯಲ್ಲಿ ಎಂಟು ಜನರ ಮೇಜನ್ನು ಶಾಶ್ವತವಾಗಿ ನಿಲ್ಲಿಸಿಕೊಳ್ಳುವುದನ್ನು ನಾನಂತೂ ಒಪ್ಪುವುದಿಲ್ಲ. ನಡುವೆ ಹಲಗೆ ಸೇರಿಸಿ 5 ಅಡಿಯಿಂದ 7 ಅಡಿಗೆ ಹಿಗ್ಗಿಸಬಹುದಾದ ಮೇಜು ಸಿಕ್ಕರೆ, ಆ ದಿನ ಅದನ್ನು ಗೋಡೆಗೆ ಸಮಾಂತರವಾಗಿ ತಿರುಗಿಸಿ ಉದ್ದದ ಬದಿಗಳಲ್ಲಿ ಮೂವರು ಮೂವರು, ತುದಿಗಳಲ್ಲಿ ಒಬ್ಬೊಬ್ಬರು ಕೂರಬಹುದು. ಆಗ ಉದ್ದದ ಬದಿಗಳಿಗೆ ಕೈಯಿಲ್ಲದ ಕುರ್ಚಿಗಳನ್ನೇ ಬಳಸಬೇಕು. ತೋಟದ ದಾರಿ ಆ ಹೊತ್ತಿಗೆ ಬಹುಮಟ್ಟಿಗೆ ಮುಚ್ಚಿದಂತೆಯೇ ಆಗುತ್ತದೆ. ಒಂದು ಹೊತ್ತಿನ ಮಟ್ಟಿಗೆ ಅದನ್ನು ಸಹಿಸಬಹುದು. ಹೀಗೆ ತಿರುಗಿಸುವ ಉದ್ದೇಶವಿದ್ದರೆ ಕಲ್ಲಿನ ಹಲಗೆಯ ಮೇಜಿನ ಆಸೆ ಬಿಡಬೇಕು: 5 ಅಡಿಗೆ 3 ಅಡಿಯ, 2 ಸೆಂಟಿಮೀಟರ್ ದಪ್ಪದ ಗ್ರಾನೈಟ್ ಹಲಗೆಯೊಂದೇ ಸುಮಾರು 75 ಕಿಲೋ ತೂಗುತ್ತದೆ.

ಹಣ ಕೊಡುವ ಮೊದಲು ಒಂದು ಕೆಲಸ ಮಾಡಿ. ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ ಮೇಜಿನ ಅಳತೆಗೆ ಕತ್ತರಿಸಿ ನೆಲದ ಮೇಲೆ ಹಾಸಿ, ಮನೆಯೊಳಗಿನ ಕುರ್ಚಿಗಳನ್ನು ತಂದು ಸುತ್ತ ಇಟ್ಟು, ಮನೆಯವರೆಲ್ಲ ಕುಳಿತು, ಬಾಗಿಲನ್ನು ಪೂರ್ತಿ ತೆರೆದು, ಒಬ್ಬರು ಕೈಯಲ್ಲಿ ತಟ್ಟೆ ಹಿಡಿದು ಹಾದುಹೋಗಲಿ. ಟೇಪು ಹಿಡಿದಾಗ ಕಾಣದ ಎಷ್ಟೋ ಅಡಚಣೆಗಳು ಆಗ ಕಾಣಿಸುತ್ತವೆ.

ಪ್ರಶ್ನೆ: ನಮ್ಮದು 8 ಅಡಿ ಚೌಕದ ಪುಟ್ಟ ಜಾಗ, ನಾಲ್ಕೂ ಕಡೆ ಗೋಡೆ ಅಥವಾ ಕಂಬಿಗಳಿವೆ. ದುಂಡು ಮೇಜು ಕಡಿಮೆ ಜಾಗ ಹಿಡಿಯುತ್ತದೆ ಎನ್ನುತ್ತಾರೆ. ಎಷ್ಟು ದೊಡ್ಡದನ್ನು ತರಬಹುದು?

ಉತ್ತರ: ಮೂರು ಅಡಿ ಅಡ್ಡಳತೆಯದು, ಅದಕ್ಕಿಂತ ದೊಡ್ಡದು ಬೇಡ. ಆಗ ಸುತ್ತಲೂ ಎರಡೂವರೆ ಅಡಿ ಉಳಿಯುತ್ತದೆ. ಮೂರಡಿಯ ನಿಯಮಕ್ಕಿಂತ ಇದು ಕಡಿಮೆಯಾದರೂ, ಬೆನ್ನ ಹಿಂದೆ ಓಡಾಟವಿಲ್ಲದಿದ್ದರೆ ಮತ್ತು ಕುರ್ಚಿಗಳು ಹಗುರವಾಗಿದ್ದರೆ ಸಾಗುತ್ತದೆ. ಮೂರಡಿಯ ದುಂಡು ಮೇಜಿನ ಸುತ್ತಳತೆ ಸುಮಾರು ಒಂಬತ್ತೂವರೆ ಅಡಿ. ಭಾಗಿಸಿ ನೋಡಿದರೆ ನಾಲ್ವರಿಗೆ ಧಾರಾಳವೆನಿಸುತ್ತದೆ, ಆದರೆ ನಡುವೆ ಸಾಮಾನಿಡಲು ಜಾಗವಿರುವುದಿಲ್ಲ, ಮೇಜಿನಡಿಯಲ್ಲಿ ಎಂಟು ಮೊಣಕಾಲುಗಳು ಒಂದೇ ಕಡೆ ಸೇರುತ್ತವೆ. ಇಬ್ಬರಿಗೆ ಅದು ಸೊಗಸು, ಮೂವರಿಗೆ ಸಾಕು, ನಾಲ್ವರಿಗೆ ಚಹಾ ಕುಡಿಯುವಷ್ಟಕ್ಕೆ ಸರಿ. ನಡುವೆ ಒಂದೇ ಕಂಬದ ಕಾಲು ಇರುವ ಮೇಜಾದರೆ ಮೊಣಕಾಲುಗಳ ಕಷ್ಟ ಅರ್ಧ ಕಡಿಮೆಯಾಗುತ್ತದೆ. ಗಾಳಿಗೆ ಮಗುಚದಂತೆ ಅದರ ತಳ ಅಗಲವಾಗಿಯೂ ಭಾರವಾಗಿಯೂ ಇರಬೇಕು.

ದುಂಡು ಮೇಜು ಜಾಗ ಉಳಿಸುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲ. ಮೂಲೆಗಳಿಲ್ಲದ ಕಾರಣ ಸುತ್ತಿ ಬರುವುದು ಸಲೀಸು ಎಂಬುದೇನೋ ಸರಿ, ಆದರೆ ಬೇಡವಾದಾಗ ಅದನ್ನು ಗೋಡೆಗೆ ಒತ್ತಿ ನಿಲ್ಲಿಸಲು ಬರುವುದಿಲ್ಲ. ಎರಡೂವರೆ ಅಡಿಯ ಚೌಕ ಮೇಜು ದಿನವೂ ಗೋಡೆಗೆ ತಾಗಿ ನಿಂತು, ಮೂರನೆಯವರು ಬಂದಾಗ ಮಾತ್ರ ಮುಂದೆ ಬರಬಹುದು. ನಿಮ್ಮ ಜಾಗದಲ್ಲಿ ಬಟ್ಟೆ ಒಣಗಿಸುವುದೋ ಮಕ್ಕಳ ಆಟವೋ ಇದ್ದರೆ ನಾನು ಚೌಕವನ್ನೇ ಆರಿಸುತ್ತೇನೆ.

ಪ್ರಶ್ನೆ: 4 ಅಡಿಯ ದುಂಡು ಮೇಜಿಗೆ ಎಷ್ಟು ದೊಡ್ಡ ಬಿಸಿಲುಕೊಡೆ ಬೇಕು?

ಉತ್ತರ: ಎಲ್ಲ ಕಡೆಗೂ ಮೇಜಿಗಿಂತ ಎರಡಡಿ ಆಚೆ ಚಾಚಬೇಕು ಎಂಬ ರೂಢಿಯ ಲೆಕ್ಕದಂತೆ 8 ಅಡಿಯ ಕೊಡೆ. ಆದರೆ ಈ ಲೆಕ್ಕ ಸೂರ್ಯ ನೆತ್ತಿಯ ಮೇಲಿರುವ ಹೊತ್ತಿಗಷ್ಟೇ ಸಲ್ಲುತ್ತದೆ. ಬಿಸಿಲು 45 ಡಿಗ್ರಿ ಕೋನದಲ್ಲಿ ಬೀಳುವಾಗ, ಕೊಡೆಯ ಅಂಚು 7 ಅಡಿ ಎತ್ತರದಲ್ಲಿ, ಮೇಜು ಎರಡೂವರೆ ಅಡಿ ಎತ್ತರದಲ್ಲಿ ಇದ್ದರೆ, ಮೇಜಿನ ಮಟ್ಟದಲ್ಲಿ ನೆರಳು ನಾಲ್ಕೂವರೆ ಅಡಿ ಪಕ್ಕಕ್ಕೆ ಸರಿದಿರುತ್ತದೆ. ಎಂದರೆ ಮೇಜಿನ ಅರ್ಧಕ್ಕಿಂತ ಹೆಚ್ಚು ಭಾಗ ಬಿಸಿಲಿನಲ್ಲಿರುತ್ತದೆ. ಸಂಜೆ ಕೂರುವವರು ಕೊಡೆಯ ಅಗಲಕ್ಕಿಂತ ಅದನ್ನು ಓರೆಯಾಗಿ ವಾಲಿಸುವ ವ್ಯವಸ್ಥೆ ಇದೆಯೇ ಎಂದು ಮೊದಲು ನೋಡಬೇಕು. ಮೇಜಿನ ನಡುವಿನ ರಂಧ್ರದಲ್ಲಿ ಕೊಡೆಯ ಕೋಲು ಇಳಿಯುವುದೇ ಎಂಬುದನ್ನೂ ಅಳೆದು ನೋಡಿ.

ಪ್ರಶ್ನೆ: ನಮ್ಮ ತಾಯಿ ವೀಲ್‌ಚೇರ್ ಬಳಸುತ್ತಾರೆ. ಅವರೂ ನಮ್ಮೊಡನೆ ಹೊರಗೆ ಕೂರುವಂತಾಗಲು ಮೇಜಿನಲ್ಲಿ ಏನನ್ನು ನೋಡಬೇಕು?

ಉತ್ತರ: ಮೇಜಿನ ಮೇಲ್ಮೈ ಎಷ್ಟು ಎತ್ತರದಲ್ಲಿದೆ ಎಂಬುದಕ್ಕಿಂತ ಅದರ ಅಡಿಯಲ್ಲಿ ಎಷ್ಟು ಜಾಗವಿದೆ ಎಂಬುದು ಮುಖ್ಯ. ಹಲಗೆಯ ಕೆಳಗಿನ ಅಡ್ಡಪಟ್ಟಿಯಿಂದ ನೆಲದವರೆಗೆ ಕನಿಷ್ಠ 27 ಇಂಚು, ಎರಡು ಕಾಲುಗಳ ನಡುವೆ ಕನಿಷ್ಠ 30 ಇಂಚು ತೆರವಿರಬೇಕು, ಮೊಣಕಾಲುಗಳು ಒಂದೂವರೆ ಅಡಿಯಷ್ಟು ಒಳಕ್ಕೆ ಹೋಗುವಂತಿರಬೇಕು. ಅಂಗಡಿಯ ಪಟ್ಟಿಯಲ್ಲಿ ಬರೆಯುವುದು ಮೇಲ್ಮೈಯ ಎತ್ತರವನ್ನು ಮಾತ್ರ. 29 ಇಂಚಿನ ಮೇಜಿಗೆ 4 ಇಂಚಿನ ಅಡ್ಡಪಟ್ಟಿ ಇದ್ದರೆ ಅಡಿಯಲ್ಲಿ ಉಳಿಯುವುದು 25 ಇಂಚು, ಅದು ಸಾಲದು. ಆದ್ದರಿಂದ ಅಳತೆಪಟ್ಟಿಯನ್ನು ಮೇಜಿನ ಅಡಿಗೇ ಹಿಡಿಯಿರಿ. ವೀಲ್‌ಚೇರಿನ ಕೈಗಳು ಅಡ್ಡಪಟ್ಟಿಗೆ ತಾಗುತ್ತವೆಯೇ ಎಂಬುದನ್ನು ಅವರದೇ ಕುರ್ಚಿಯನ್ನು ತಂದು ನೋಡುವುದು ಒಳ್ಳೆಯದು.

ವೀಲ್‌ಚೇರಿಗೆ ಎರಡೂವರೆ ಅಡಿ ಅಗಲ, ನಾಲ್ಕು ಅಡಿ ಉದ್ದದ ತೆರವಾದ ನೆಲ ಬೇಕು. ಅದರ ಒಂದು ಭಾಗ ಮೇಜಿನಡಿಗೆ ಹೋಗುತ್ತದೆ. ಪೂರ್ತಿ ಒಂದು ಸುತ್ತು ತಿರುಗಲು 5 ಅಡಿ ಅಡ್ಡಳತೆಯ ಜಾಗ ಹತ್ತಿರದಲ್ಲೆಲ್ಲಾದರೂ ಇರಬೇಕು. ಹಾಗಾಗಿ ಅವರ ಸ್ಥಾನವನ್ನು ಬಾಗಿಲಿಗೆ ಹತ್ತಿರದ ತುದಿಯಲ್ಲಿ ಗೊತ್ತುಮಾಡಿ, ಮೂಲೆಗಳಲ್ಲಿ ಕಾಲುಗಳಿರುವ ಆಯತಾಕಾರದ ಮೇಜನ್ನು ಆರಿಸಿ. ಅದರ ಅಗಲ ಮೂರಡಿ ಇದ್ದರೂ ಕಾಲುಗಳ ದಪ್ಪ ಕಳೆದ ಮೇಲೆ 30 ಇಂಚು ಉಳಿಯುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ತುದಿಯಲ್ಲಿ ಎರಡು ಕಾಲುಗಳನ್ನು ಕೆಳಗೆ ಸೇರಿಸುವ ಅಡ್ಡಕಂಬಿ ಇರುವ ಮೇಜು ನೋಡಲು ಎಷ್ಟೇ ಚೆನ್ನಾಗಿದ್ದರೂ ಬೇಡ. ಪಾದ ಇಡುವ ಹಲಗೆ ಅದಕ್ಕೆ ತಗುಲಿ ಗಾಲಿಕುರ್ಚಿ ಅಲ್ಲೇ ನಿಂತುಬಿಡುತ್ತದೆ.